ಹಾಸುಬಂಡೆಯ ಮೇಲೆ ಡ್ರೊಸೆರಾ ಎಣಿಕೆ

ಮಂಡ್ಯ ಕಡೆಯ ಕಲ್ಲುಬೆಟ್ಟಗಳಲ್ಲಿ ಕೀಟಾಹಾರಿ ಗಿಡಗಳನ್ನು ಪೊದೆಯ ನೆರಳಲ್ಲಿ ಹುಡುಕಬೇಡಿ. ಮಳೆ ನಿಂತ ಮೇಲೂ ನೀರು ಜಿನುಗುವ ಹಾಸುಬಂಡೆ ಹುಡುಕಿ. ಅಲ್ಲಿ ಮಣ್ಣು ಎರಡು ಬೆರಳು ದಪ್ಪ ಇದ್ದರೆ ಹೆಚ್ಚು, ಸಾರವೂ ಇಲ್ಲ. ಮಣ್ಣಿನಲ್ಲಿ ಸಾಕಷ್ಟು ಸಿಗದ ಸಾರಜನಕವನ್ನು ಡ್ರೊಸೆರಾ, ಅಂದರೆ ಅಂಟು ಎಲೆಯಲ್ಲಿ ಕೀಟ ಹಿಡಿಯುವ ಗಿಡ, ಸಣ್ಣ ನೊಣ, ಇರುವೆಗಳಿಂದ ಹೊಂದಿಸಿಕೊಳ್ಳುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಎಣಿಕೆಗೆ ಒಳ್ಳೆಯ ಕಾಲ. ಬೇಸಿಗೆ ರಜೆಗೆ ಇಂಟರ್ನ್‌ಶಿಪ್ ಇಟ್ಟುಕೊಂಡರೆ ಕಾದ ಕಲ್ಲನ್ನು ಎಣಿಸಬೇಕಷ್ಟೆ.

ಗಿಡ ಎಣಿಸಲು ಬಂಡೆಯ ಮೇಲೆ ಇಡುವ ಚೌಕಟ್ಟನ್ನು ನಾವು ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಮಾಡಿಕೊಂಡೆವು. ಒಂದು ಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೊ, ಪ್ರತಿ 10 ಸೆಂ.ಮೀ.ಗೆ ತೂತು ಕೊರೆದು ನೈಲಾನ್ ದಾರ: ಒಟ್ಟು 100 ಮನೆ. ಎಲ್ಬೊಗೆ ಗಮ್ ಹಾಕಬಾರದು, ಬಿಚ್ಚಿ ಕಟ್ಟಿದರೆ ತಾನೇ ಮೈಸೂರಿನ ಬಸ್ಸಿಗೆ ಹತ್ತುವುದು! 20 ಮೀಟರ್ ಟೇಪ್ ಎಳೆದು ಎರಡೆರಡು ಮೀಟರಿಗೆ ಚೌಕಟ್ಟು ಇಡಬೇಕು. ಜಾಗವನ್ನು ಕಣ್ಣಿಗೆ ಬಿಟ್ಟರೆ ಅದು ಗಿಡ ದಟ್ಟವಾಗಿರುವ ಕಡೆಗೇ ಹೋಗುತ್ತದೆ, ಲೆಕ್ಕ ಉಬ್ಬುತ್ತದೆ.

ಡ್ರೊಸೆರಾ ಬರ್ಮಾನಿ ನೆಲಕ್ಕೆ ಅಂಟಿದ ಪುಟ್ಟ ಚಕ್ರ, ಹಳೆಯ ನಾಲ್ಕಾಣೆಯಷ್ಟಗಲ, ಹೂ ಬಿಳಿ. ಡ್ರೊಸೆರಾ ಇಂಡಿಕಾ ಎದ್ದು ನಿಲ್ಲುತ್ತದೆ, ಎಲೆ ದಾರದಂತೆ. ಇವೆರಡರಲ್ಲಿ ತಪ್ಪುವವರು ಕಡಿಮೆ. ತೊಂದರೆ ಅಲ್ಲೇ ಬೆಳೆಯುವ ಇನ್ನೊಂದು ಕೀಟಾಹಾರಿ ಯುಟ್ರಿಕ್ಯುಲೇರಿಯಾದ್ದು: ಬಲೆಯ ಚೀಲಗಳು ಕೆಸರಿನೊಳಗೆ, ಮೇಲೆ ಹೂವು ಮಾತ್ರ. ಹೂ ಕಾಣದಿದ್ದರೆ ಹಾಳೆಯಲ್ಲಿ ‘ಗಿಡ ಇಲ್ಲ’ ಎಂದು ಬರೆಯದೆ ‘ಹೂ ಇಲ್ಲ’ ಎಂದು ಬರೆಯಿರಿ. ಡ್ರೊಸೆರಾ ಹೂವೂ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುವುದರಿಂದ ಹೂವಿನ ಕೆಲಸ ಬೆಳಗ್ಗೆಯೇ ಮುಗಿಸಬೇಕು.

ಹೆಚ್ಚು ಹಾಳು ಮಾಡುವುದು ನಮ್ಮ ಕಾಲೇ. ನೆನೆದ ಪಾಚಿಯ ಮೇಲೆ ಜಾರಿದರೆ ಮಣ್ಣು ಚಾಪೆಯಂತೆ ಕಿತ್ತು ಬರುತ್ತದೆ. ಮುಂದಿನ ವರ್ಷ ಮೊಳೆಯಬೇಕಾದ ಬೀಜವೂ ಅದರೊಳಗೇ. ಬರಿಬಂಡೆಯ ಮೇಲೆ ಮಡಿಚಿದ ಗೋಣಿಚೀಲ ಹಾಕಿ ಮಂಡಿಯೂರಿ, ಚೌಕಟ್ಟಿನ ಮೇಲೆ ಬಾಗಿ ಎಣಿಸಿ. ಬೂಟಿನ ಅಡಿಯನ್ನು ಹೊರಡುವ ಮುಂಚೆಯೇ ಉಜ್ಜಿ ತೊಳೆದಿರಬೇಕು, ಕಳೆಬೀಜ ಅದರಲ್ಲೇ ಬರುವುದು.

ಅರಣ್ಯ ಇಲಾಖೆಯ ಅನುಮತಿಯಲ್ಲಿ ಮಾದರಿ ತೆಗೆಯಬಹುದು ಎಂದಿದ್ದರೆ ಮಾತ್ರ ಗಿಡ ಕೀಳಿ. ಡ್ರೊಸೆರಾವನ್ನು ಒಣಗಿಸಲು ನೇರ ನ್ಯೂಸ್‌ಪೇಪರಿನಲ್ಲಿ ಒತ್ತಿದರೆ ಅಂಟು ಹಿಡಿದು ಎಲೆ ಹರಿಯುತ್ತದೆ. ಎರಡೂ ಕಡೆ ಬಟರ್ ಪೇಪರ್ ಇಡಿ.

ವರದಿಯಲ್ಲಿ ತಾಲ್ಲೂಕಿನ ಹೆಸರು ಸಾಕು, ಬಂಡೆಯ ಗುರುತು ಬೇಡ. ಕುಂಡದಲ್ಲಿ ಬೆಳೆಸುವ ಹುಚ್ಚಿಗೆ ಕಿತ್ತೊಯ್ಯುವವರಿದ್ದಾರೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡದೆ ವಾಟ್ಸ್ಯಾಪಿಗೆ ಫೈಲ್ ಆಗಿ ಫೋಟೊ ಕಳಿಸಿದರೆ, ಬಚ್ಚಿಟ್ಟ ಜಾಗ ಅದರ ಜೊತೆಯಲ್ಲೇ ಹೋಗಿರುತ್ತದೆ.