ಹಾಡಿ ಮನೆಗಳಿಗೆ ಸೋಲಾರ್ ಹಾಕುವಾಗ ಆಷಾಢದ ಲೆಕ್ಕ ಹಿಡಿಯಿರಿ

ಎಚ್.ಡಿ. ಕೋಟೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಕೆಲವು ವರ್ಷದ ಹಿಂದೆ ಕಾಡಂಚಿನ ಒಂದು ಹಾಡಿಗೆ, ಅಂದರೆ ಗಿರಿಜನರ ಕೇರಿಗೆ, ಸೋಲಾರ್ ಹಾಕಿಕೊಡಿ ಎಂದು ಕರೆದರು. 22 ಮನೆ. ಮಾರ್ಚ್‌ನಲ್ಲಿ ಹೋಗಿ ನೋಡಿದೆ. ನೆತ್ತಿ ಸುಡುವ ಬಿಸಿಲು, ಮೇಲೆ ಬೋಳು ಆಕಾಶ. ಮನೆಗೊಂದು 20 ವ್ಯಾಟ್ ಪ್ಯಾನೆಲ್, 20 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಸಾಕು ಅಂದುಕೊಂಡು ಹಾಕಿ ಬಂದೆ. ಆಷಾಢ ಮುಗಿಯುವಷ್ಟರಲ್ಲಿ ಅರ್ಧ ಹಾಡಿ ಮತ್ತೆ ಬುಡ್ಡಿ ದೀಪಕ್ಕೆ ಬಂದಿತ್ತು.

ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಹೋಗಿದ್ದು 1902ರಲ್ಲಿ. ಅದೇ ಸೀಮೆಯಲ್ಲಿ ಇವತ್ತಿಗೂ ಬುಡ್ಡಿ ದೀಪ ಅಂದರೆ ಬೇಜಾರಾಗುತ್ತದೆ. ಅಂಥದ್ದರಲ್ಲಿ ಹಾಕಿದ ಸೋಲಾರೂ ಕೈಕೊಟ್ಟರೆ ಹೇಗೆ, ಅಲ್ವಾ?

ವಾಪಸ್ ಹೋಗಿ ಒಂದು ಬ್ಯಾಟರಿಯ ಮುಚ್ಚಳ ಬಿಚ್ಚಿ, ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಇಳಿಸಿದೆ. ಗ್ರಾವಿಟಿ 1120. ಫುಲ್ ಚಾರ್ಜ್ ಆಗಿದ್ದರೆ 1240ರ ಹತ್ತಿರ ಇರಬೇಕು. ಟಾರ್ಚ್ ಬಿಟ್ಟು ನೋಡಿದರೆ ಪ್ಲೇಟಿನ ಮೇಲೆಲ್ಲ ಬಿಳಿ ಪುಡಿ, ಬ್ಯಾಟರಿ ಖಾಲಿಯಾಗಿ ಹಾಗೇ ಉಳಿದಿತ್ತು ಎನ್ನುವುದರ ಗುರುತು. ಬ್ಯಾಟರಿ ತೀರಾ ಖಾಲಿಯಾಗದಂತೆ ಕಾಯುವ ಕಂಟ್ರೋಲರ್ ಕಟ್ ಮಾಡಿದಾಗೆಲ್ಲ ಹುಡುಗರು ಬಲ್ಬಿನ ವೈರನ್ನು ನೇರವಾಗಿ ಬ್ಯಾಟರಿಗೇ ಸಿಕ್ಕಿಸಿದ್ದರು. ಇನ್ನೊಂದು ಮನೆಯಲ್ಲಿ ಬ್ಯಾಟರಿಗೆ ಬೋರ್‌ವೆಲ್ ನೀರು ಸುರಿದಿದ್ದರು. ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅದು ಇಂಥ ಕಡೆ ಸಿಗುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ.

ತಲೆ ಎತ್ತಿ ನೋಡಿದಾಗ ಇನ್ನೊಂದು ತಪ್ಪು ಕಂಡಿತು. ಮಾರ್ಚ್‌ನಲ್ಲಿ ಬೋಳಾಗಿ ನಿಂತಿದ್ದದ್ದು ತೇಗದ ಮರಗಳು. ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ, ಮಳೆ ಬಿದ್ದರೆ ಮೊರದಗಲ ಎಲೆ ಬಿಡುತ್ತವೆ. ಮೋಡದಲ್ಲಿ ಉಳಿದ ಚೂರು ಬೆಳಕನ್ನೂ ಅವೇ ತಿನ್ನುತ್ತಿದ್ದವು. ಹಾಗಾಗಿ ಜಾಗ ನೋಡಲು ಬೇಸಿಗೆಯಲ್ಲಿ ಹೋಗಬೇಡಿ. ಹೋಗಲೇಬೇಕಾದರೆ ಸುತ್ತಲಿನ ಮರ ಯಾವುದು, ಅದು ಯಾವಾಗ ಎಲೆ ಬಿಡುತ್ತದೆ ಎಂದು ಹಾಡಿಯವರನ್ನೇ ಕೇಳಿ.

ಸೂರ್ಯನ ದಾರಿಯೂ ತಿಳಿದಿರಬೇಕು. ನಮ್ಮ ಕಡೆ ಸುಮಾರು 12 ಡಿಗ್ರಿ ಅಕ್ಷಾಂಶ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಧನುರ್ಮಾಸದಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲುತ್ತಾನೆ. ಪ್ಯಾನೆಲ್ ಮುಖ ದಕ್ಷಿಣಕ್ಕಿರಲಿ, ಇಳಿಜಾರು 12ರಿಂದ 15 ಡಿಗ್ರಿ ಇರಲಿ. ಆದರೆ ನೆರಳು ನೋಡುವಾಗ ಉತ್ತರದ ಮರಗಳನ್ನೂ ಬಿಡಬೇಡಿ. ಪ್ಯಾನೆಲ್‌ನ ಸೆಲ್‌ಗಳೆಲ್ಲ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದೇ ಸೆಲ್ಲನ್ನು ಅಂಗೈಯಲ್ಲಿ ಮುಚ್ಚಿ ಮಲ್ಟಿಮೀಟರ್ ನೋಡಿ, ಕರೆಂಟ್ ಎಷ್ಟು ಬೀಳುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಈಗ ಲೋಡ್ ಲೆಕ್ಕ. ನಾನು ಮೊದಲ ಸಲ ಹಿಡಿದಿದ್ದು 5 ವ್ಯಾಟಿನ ಎರಡು ಬಲ್ಬ್, ದಿನಕ್ಕೆ 4 ಗಂಟೆ, ಜೊತೆಗೆ ಎರಡು ಮೊಬೈಲ್. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ಬಲ್ಬಿಗೆ 40, ಮೊಬೈಲಿಗೆ 20, ಒಟ್ಟು 60 ವ್ಯಾಟ್ ಅವರ್. ಅಂಗಡಿಯಲ್ಲಿ ಕೂತು ಹಾಕಿದ ಲೆಕ್ಕ ಅದು. ಎರಡನೇ ಸಲ ಹೋದಾಗ ಒಂದು ರಾತ್ರಿ ಅಲ್ಲೇ ಉಳಿದೆ. ಒಬ್ಬ ಅಜ್ಜಿ ಹೇಳಿದರು: "ಒಳಗೆ ಕತ್ತಲಲ್ಲೂ ಎಲ್ಲಾ ಕೈಗೆ ಸಿಗ್ತದೆ ಮಗಾ. ಆನೆ ಬರೋದು ಹೊರಗೆ. ಅಲ್ಲಿಗೊಂದು ದೀಪ ಹಾಕು." ನೋಡಿದರೆ ಬಹಳ ಮನೆಯವರು ಒಳಗಿನ ಬಲ್ಬನ್ನೇ ಜಗಲಿಗೆ ತಂದು ಬೆಳಗಿನವರೆಗೂ ಉರಿಸುತ್ತಿದ್ದರು. ಒಂದು ರಾತ್ರಿ ಉಳಿಯದೆ ಡಿಸೈನ್ ಮಾಡಬೇಡಿ. ಹಗಲು ಕೇಳಿದರೆ ಎಲ್ಲರೂ "ಎರಡು ಬಲ್ಬ್ ಸಾಕು ಸಾರ್" ಅಂತಲೇ ಹೇಳುತ್ತಾರೆ.

ಜಗಲಿಗೆ 3 ವ್ಯಾಟಿನ ಬಲ್ಬ್, 11 ಗಂಟೆ ಎಂದರೆ 33. ಒಟ್ಟು 93 ವ್ಯಾಟ್ ಅವರ್ ಆಯಿತು. ಬ್ಯಾಟರಿ, ವೈರು, ದೂಳು ಎಂದು ನೂರಕ್ಕೆ ಮೂವತ್ತು ಪಾಲು ಸೋರುತ್ತದೆ ಅಂತ ಹಿಡಿಯಿರಿ. 93 ಭಾಗಿಸು 0.7, ಅಂದರೆ 133. ಇದನ್ನು ಒಳ್ಳೆ ಬಿಸಿಲಿನ ಗಂಟೆಗಳಿಂದ ಭಾಗಿಸಬೇಕು. ವರ್ಷದ ಸರಾಸರಿ 5 ಗಂಟೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ಹಿಡಿದು ಕೆಟ್ಟೆ. ಈಗ ಆಷಾಢಕ್ಕೆ ಅಂತ 3 ಹಿಡಿಯುತ್ತೇನೆ. 44 ಬರುತ್ತದೆ, 50 ವ್ಯಾಟ್ ಪ್ಯಾನೆಲ್ ಹಾಕುತ್ತೇನೆ. ಬೇಸಿಗೆಯಲ್ಲಿ ಜಾಸ್ತಿಯಾಗುತ್ತದೆ, ಆಗಲಿ ಬಿಡಿ.

ಬ್ಯಾಟರಿಗೆ ಎರಡು ದಿನದ ಮೋಡ ಲೆಕ್ಕಕ್ಕಿರಲಿ: 186 ವ್ಯಾಟ್ ಅವರ್. ಟ್ಯೂಬುಲರ್ (ನೀರು ಹಾಕುವ ಸೀಸ-ಆಸಿಡ್) ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು. ಹಾಗಾಗಿ 372, ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 31 ಎಎಚ್. 40ರದ್ದು ಹಾಕಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ ನೂರಕ್ಕೆ 80ರವರೆಗೆ ತೆಗೆಯಬಹುದು, 20 ಎಎಚ್ ಸಾಕಾಗುತ್ತದೆ. ನೀರು ಹಾಕುವ ರಗಳೆಯೂ ಇಲ್ಲ. ದುಡ್ಡಿದ್ದರೆ ಅದೇ ವಾಸಿ. ಟ್ಯೂಬುಲರ್ ಆದರೆ ಒಲೆ ಪಕ್ಕ ಇಡಲೇಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಾಡುವಂತೆ ತೂತಿರುವ ಮರದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರದ ಗೋಡೆಗೆ ಇಡಿ.

ಎಲ್ಲ ಮನೆಗೂ ಸೇರಿ ಒಂದೇ ದೊಡ್ಡ ಸಿಸ್ಟಮ್ ಹಾಕೋಣ ಎನ್ನುವವರು ಇದ್ದೇ ಇರುತ್ತಾರೆ. ದೂರ ದೂರ ಚದುರಿದ ಮನೆಗಳಿಗೆ ನನಗದು ಒಪ್ಪಿಗೆಯಿಲ್ಲ. 12 ವೋಲ್ಟಿನಲ್ಲಿ 3 ಆಂಪ್ಸ್ ಕರೆಂಟನ್ನು 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 20 ಮೀಟರ್ ಆಚೆಗೆ ಒಯ್ದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 1.4 ವೋಲ್ಟ್ ಹೋಗುತ್ತದೆ. ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿದರೆ ಅದು ಸುಮ್ನೆ ಕೂತಲ್ಲೇ ತಿನ್ನುತ್ತದೆ. 10 ವ್ಯಾಟ್ ತಿಂದರೂ ದಿನಕ್ಕೆ 240, ಎರಡು ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ. ಮನೆಗೊಂದು ಬಿಡಿ ಸಿಸ್ಟಮ್ ಇದ್ದರೆ ಒಂದು ಕೆಟ್ಟರೂ ಉಳಿದ 21 ಮನೆಯಲ್ಲಿ ಬೆಳಕಿರುತ್ತದೆ.

ಪ್ಯಾನೆಲ್ ಕಂಬ ನೆಡಲು ಗುಂಡಿ ತೋಡುವ ಮುಂಚೆ ಎರಡು ಕೆಲಸ. ಆನೆ ಓಡಾಡುವ ದಾರಿ ಯಾವುದೆಂದು ಹಾಡಿಯ ಯಜಮಾನರನ್ನು ಕೇಳಿ, ಅಲ್ಲಿ ಕಂಬ ಬೇಡ. ಅರಣ್ಯ ಜಾಗವಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ನೋಡಿ. ಸರ್ಕಾರ ಒದಗಿಸುವ ಊರಿನ ಸೌಕರ್ಯಗಳ ಪಟ್ಟಿಯಲ್ಲಿ ಶಾಲೆ, ಅಂಗನವಾಡಿ ಜೊತೆ ಅಸಾಂಪ್ರದಾಯಿಕ ಇಂಧನವೂ ಇದೆ. ಗ್ರಾಮಸಭೆಯ ಶಿಫಾರಸು ಬೇಕು. ಮೊದಲು ಅದನ್ನು ಬರೆಸಿಕೊಂಡು ಆಮೇಲೆ ಗುದ್ದಲಿ ಹಿಡಿಯಿರಿ.

ಇಬ್ಬರು ಹೆಣ್ಣುಮಕ್ಕಳಿಗೆ ಮಲ್ಟಿಮೀಟರ್ ಹಿಡಿಯುವುದು ಕಲಿಸಿದೆ. ಬೆಳಿಗ್ಗೆ ಲೋಡ್ ಎಲ್ಲ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಬ್ಯಾಟರಿ 12.2 ವೋಲ್ಟಿಗಿಂತ ಕೆಳಗಿದ್ದರೆ ಅವತ್ತು ರಾತ್ರಿ ಆ ಮನೆಗೆ ಜಗಲಿ ದೀಪ ಮಾತ್ರ. ಸಂಘದಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ ಕಟ್ಟುತ್ತಾರೆ, ಮುಂದಿನ ಬ್ಯಾಟರಿಗೆ. ಅಂಗನವಾಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ದೇನೆ. ಅದರಲ್ಲಿ ಫ್ಯೂಸು, ಎರಡು ಹೋಲ್ಡರ್, ಟರ್ಮಿನಲ್‌ಗೆ ಸವರಲು ವ್ಯಾಸಲೀನ್ ಇವೆ. ವ್ಯಾಸಲೀನ್ ಮಾತ್ರ ಬೇಗ ಖಾಲಿಯಾಗುತ್ತದೆ. ಚಳಿಗಾಲದಲ್ಲಿ ಎಲ್ಲರ ಕಾಲೂ ಒಡೆಯುತ್ತದಲ್ಲ, ಈಗ ಎರಡು ಡಬ್ಬಿ ಇಡುತ್ತೇನೆ.