ಝೊಟೆರೊ ಖಾಲಿ ಕಾಣ್ತಿದೆಯಾ? ಮೊದಲು ವೈಫೈ ಆಫ್ ಮಾಡಿ

ಝೊಟೆರೊ ಅಂದರೆ ಪುಸ್ತಕ, ಲೇಖನಗಳ ವಿವರ, ಪಿಡಿಎಫ್, ನೋಟ್ಸ್ ಎಲ್ಲ ಒಂದೆಡೆ ಜೋಡಿಸಿಡುವ ಸಾಫ್ಟ್‌ವೇರ್. ಸಂಶೋಧನೆ ಮಾಡುವ ಗೆಳೆಯರಿಂದ ಆಗಾಗ ಒಂದು ಫೋನ್ ಬರುತ್ತದೆ. "ಝೊಟೆರೊ ತೆಗೆದೆ, ಒಳಗೆ ಏನೂ ಇಲ್ಲ." ಆಮೇಲೆ ಏನು ಮಾಡಿದಿರಿ ಅಂತ ಕೇಳುತ್ತೇನೆ. ಮುಚ್ಚಿ ತೆಗೆದೆ, ಮತ್ತೆ ಮುಚ್ಚಿ ತೆಗೆದೆ, ಸಿಂಕ್ (ಕಂಪ್ಯೂಟರಿನಲ್ಲಿರುವುದನ್ನೂ ಝೊಟೆರೊ ಸರ್ವರಿನಲ್ಲಿರುವುದನ್ನೂ ಒಂದೇ ಮಾಡುವ ಬಟನ್) ಒತ್ತಿದೆ, ಕೊನೆಗೆ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕಿದೆ ಅನ್ನುತ್ತಾರೆ. ಎಷ್ಟೋ ಸಲ ಖಾಲಿ ಕಂಡಾಗ ಡೇಟಾ ಇನ್ನೂ ಕಂಪ್ಯೂಟರಿನಲ್ಲೇ ಇರುತ್ತದೆ. ಗಾಬರಿಯಲ್ಲಿ ಮಾಡಿದ ಇಂಥ ಕೆಲಸಗಳಿಂದ ಅದು ಹೋಗಿಬಿಡಬಹುದು.

ಶಾಸನಗಳ ಮೇಲೆ ಕೆಲಸ ಮಾಡುವ ಗೆಳತಿಯೊಬ್ಬಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಗ್ರಂಥಮಾಲೆಯ ಸಂಪುಟ, ತಾಲೂಕು, ಶಾಸನ ಸಂಖ್ಯೆ ಎಲ್ಲವನ್ನೂ ಒಂದೊಂದಾಗಿ ಕೈಯಲ್ಲೇ ಟೈಪ್ ಮಾಡಿ ಇಟ್ಟುಕೊಂಡಿದ್ದಳು. ಇಂಗ್ಲಿಷ್ ಜರ್ನಲ್ ಲೇಖನವಾದರೆ ಡಿಒಐ ಎಂಬ ಗುರುತಿನ ಸಂಖ್ಯೆ ಹಾಕಿದರೆ ವಿವರ ತಾನೇ ಬರುತ್ತದೆ. ಕನ್ನಡದ ಹಳೆಯ ಪುಸ್ತಕಕ್ಕೆ, ಶಾಸನಕ್ಕೆ ಹಾಗೆ ಬರುವುದಿಲ್ಲ. ಕಳೆದರೆ ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಮೂರು ಕೆಲಸ ಮಾಡಿ, ಇದೇ ಕ್ರಮದಲ್ಲಿ. ವೈಫೈ ಆಫ್ ಮಾಡಿ. ಝೊಟೆರೊ ಮುಚ್ಚಿ. ಝೊಟೆರೊ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಅದು ಸಾಮಾನ್ಯವಾಗಿ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರಿನಲ್ಲಿ 'ಝೊಟೆರೊ' ಅಂತಲೇ ಇರುತ್ತದೆ. ಇಲ್ಲಿಂದ ಮುಂದೆ ಏನು ತಪ್ಪಾದರೂ ಈ ಕಾಪಿ ಇದೆ. ಎರಡನೇ ಲ್ಯಾಪ್‌ಟಾಪ್‌ನಲ್ಲೂ ಝೊಟೆರೊ ಇದ್ದು, ಅದು ಎರಡು ದಿನದಿಂದ ಆನ್ ಆಗಿಲ್ಲವೇ? ಅದನ್ನು ಹಾಗೇ ಬಿಡಿ, ನೆಟ್ಟಿಗೆ ತರಲೇಬೇಡಿ. ಅದರಲ್ಲಿ ನಿಮ್ಮ ಹಳೆಯ ಲೈಬ್ರರಿ ಪೂರ್ತಿಯಾಗಿ ಕೂತಿರಬಹುದು.

ಈಗ ಸುಲಭದ ಕಾರಣಗಳನ್ನು ನೋಡಿ. ವೈಫೈ ಆಫ್ ಇರುವಾಗಲೇ ಝೊಟೆರೊ ತೆರೆದು ಅದರೊಳಗಿನ ಟ್ರ್ಯಾಶ್ ನೋಡಿ. ಸೆಟ್ಟಿಂಗ್ಸ್ ಬದಲಿಸದಿದ್ದರೆ ಅಳಿಸಿದ್ದು ಅಲ್ಲಿ 30 ದಿನ ಇರುತ್ತದೆ. ಕಲೆಕ್ಷನ್ (ಝೊಟೆರೊದೊಳಗೆ ನೀವು ಮಾಡಿಕೊಂಡ ಗುಂಪು) ಒಳಗೆ ಬರೀ ಡಿಲೀಟ್ ಒತ್ತಿದರೆ ಆ ಲೇಖನ ಕಲೆಕ್ಷನ್‌ನಿಂದ ಮಾತ್ರ ಹೊರಬರುತ್ತದೆ, 'ಮೈ ಲೈಬ್ರರಿ'ಯಲ್ಲಿ ಹಾಗೇ ಇರುತ್ತದೆ. ಇನ್ನೊಂದು ಸಾಧ್ಯತೆ, ಝೊಟೆರೊ ಬೇರೆ ಫೋಲ್ಡರ್ ನೋಡುತ್ತಿರಬಹುದು. ಕಂಪ್ಯೂಟರ್ ಸರ್ವೀಸಿಗೆ ಕೊಟ್ಟು ಬಂದ ಮೇಲೆ, ಹೊಸ ಯೂಸರ್ ಅಕೌಂಟ್ ಮಾಡಿದ ಮೇಲೆ ಹೀಗಾಗುವುದು ಜಾಸ್ತಿ. ಇಡೀ ಡಿಸ್ಕಿನಲ್ಲಿ 'ಝೊಟೆರೊ.ಎಸ್‌ಕ್ಯೂಲೈಟ್' ಅಂತ ಹುಡುಕಿ (ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ zotero.sqlite ಅಂತ ಟೈಪ್ ಮಾಡಬೇಕು; ನಿಮ್ಮ ಲೈಬ್ರರಿ ಇರುವ ಮುಖ್ಯ ಫೈಲ್ ಇದು). ಎರಡು ಸಿಕ್ಕರೆ, ಗಾತ್ರ ದೊಡ್ಡದಿರುವುದೇ ಬಹುತೇಕ ನಿಮ್ಮದು.

ಇನ್ನು ಫೋನಿನ ಬ್ರೌಸರಿನಲ್ಲಿ ಝೊಟೆರೊ ವೆಬ್‌ಸೈಟಿಗೆ ಲಾಗಿನ್ ಆಗಿ ನೋಡಿ. ಎಲ್ಲ ಅಲ್ಲಿ ಕಾಣುತ್ತಿದ್ದರೆ ಕೆಲಸ ಹಗುರ. ಝೊಟೆರೊ ಮುಚ್ಚಿ, ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ತೆರೆದಾಗ ಹೊಸ ಖಾಲಿ ಲೈಬ್ರರಿ ಬರುತ್ತದೆ, ಆಮೇಲೆ ನೆಟ್ ಹಾಕಿ ಸಿಂಕ್ ಮಾಡಿ. ಆದರೆ ಫೈಲುಗಳಿಗೆ ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ. ಹಾಗಾಗಿ ವಿವರಗಳೆಲ್ಲ ಬಂದರೂ ಎಷ್ಟೋ ಪಿಡಿಎಫ್ ಬರುವುದಿಲ್ಲ. ಅವು ಹಳೆಯ ಫೋಲ್ಡರಿನ 'ಸ್ಟೋರೇಜ್' ಒಳಗಿವೆ. ಝೊಟೆರೊ ಮುಚ್ಚಿ ಅದನ್ನು ಹೊಸ ಫೋಲ್ಡರಿಗೆ ಕಾಪಿ ಮಾಡಿದರೆ ಆಯಿತು, ಪ್ರತಿ ಪಿಡಿಎಫ್ ತನ್ನ ಜಾಗಕ್ಕೆ ತಾನೇ ಸೇರಿಕೊಳ್ಳುತ್ತದೆ.

ವೆಬ್‌ಸೈಟಿನಲ್ಲೂ ಖಾಲಿ ಇದ್ದರೆ ಬ್ಯಾಕಪ್ ಫೈಲಿಗೆ ಹೋಗಬೇಕು. ಜನ ಎಡವುವುದು ಇಲ್ಲೇ, ಇಲ್ಲಿ ನಿಧಾನವಾಗಿ ಓದಿ.

ನಿಮ್ಮ ನೋಟ್ಸ್, ಟ್ಯಾಗ್, ಕಲೆಕ್ಷನ್, ಕೈಯಲ್ಲಿ ಟೈಪ್ ಮಾಡಿದ ವಿವರ ಎಲ್ಲ ಇರುವುದು ಆ ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನಲ್ಲಿ. ಝೊಟೆರೊದ ಒಳಗೇ ಪಿಡಿಎಫ್ ತೆರೆದು ಹಳದಿ ಗೆರೆ ಎಳೆದಿದ್ದರೆ ಅದೂ ಇದರಲ್ಲೇ ಇದೆ, ಪಿಡಿಎಫ್‌ನಲ್ಲಿ ಇಲ್ಲ. ಇದರ ಪಕ್ಕದಲ್ಲಿ ಕೊನೆಗೆ 'ಬಿಎಕೆ' (.bak) ಅಂತ ಇರುವ ಇನ್ನೊಂದು ಫೈಲ್ ಕಾಣುತ್ತದೆ. ಝೊಟೆರೊ ಆಗಾಗ ತಾನೇ ಮಾಡಿಕೊಳ್ಳುವ ಬ್ಯಾಕಪ್ ಅದು. ಆಗಾಗ ಅನ್ನುವುದನ್ನು ಗಮನಿಸಿ. ಖಾಲಿ ಲೈಬ್ರರಿಯನ್ನೇ ಮತ್ತೆ ಮತ್ತೆ ತೆರೆದು ಮುಚ್ಚುತ್ತಿದ್ದರೆ ಒಂದು ಹಂತದಲ್ಲಿ ಆ ಖಾಲಿಯೇ ಬ್ಯಾಕಪ್ ಆಗಿ ಹಳೆಯ ಒಳ್ಳೆಯ ಬ್ಯಾಕಪ್ಪಿನ ಮೇಲೆ ಕೂತುಬಿಡುತ್ತದೆ. ಮೊದಲೇ ಪೆನ್‌ಡ್ರೈವಿಗೆ ಕಾಪಿ ಮಾಡಿ ಅಂದದ್ದು ಅದಕ್ಕೇ.

ಬಿಎಕೆ ಫೈಲಿನ ತಾರೀಕು, ಗಾತ್ರ ಎರಡೂ ನೋಡಿ. ಕೆಲವರ ಫೋಲ್ಡರಿನಲ್ಲಿ ನಡುವೆ ಅಂಕಿ ಇರುವ ಇನ್ನೂ ಒಂದೆರಡು ಬಿಎಕೆ ಇರುತ್ತವೆ. ಅನಾಹುತಕ್ಕೆ ಮುಂಚಿನ ತಾರೀಕಿನದು, ಗಾತ್ರದಲ್ಲಿ ದೊಡ್ಡದು, ಅದನ್ನೇ ಆರಿಸಿ. ಝೊಟೆರೊ ಮುಚ್ಚಿರಲಿ. ಈಗಿರುವ ಎಸ್‌ಕ್ಯೂಲೈಟ್ ಫೈಲನ್ನು ಡೆಸ್ಕ್‌ಟಾಪಿಗೆ ಸರಿಸಿ, ಅಳಿಸಬೇಡಿ. ಅದೇ ಹೆಸರಿಗೆ 'ಜರ್ನಲ್' ಅಂತ ಸೇರಿರುವ ಫೈಲ್ ಇದ್ದರೆ ಅದನ್ನೂ ಸರಿಸಿ, ಅಲ್ಲೇ ಬಿಟ್ಟರೆ ಹೊಸ ಫೈಲನ್ನು ಕೆಡಿಸಬಹುದು. ಆಮೇಲೆ ಬಿಎಕೆ ಫೈಲಿನ ಹೆಸರಿನ ಕೊನೆಯಿಂದ ಚುಕ್ಕೆ ಮತ್ತು ಬಿಎಕೆ ತೆಗೆಯಿರಿ (ನಡುವೆ ಅಂಕಿ ಇದ್ದರೆ ಅದನ್ನೂ). ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿಕೊಂಡೇ ಈ ಕೆಲಸಕ್ಕೆ ಕೈ ಹಾಕಿ. ವೈಫೈ ಇನ್ನೂ ಆಫ್ ಇರಲಿ. ಝೊಟೆರೊ ತೆರೆಯಿರಿ.

ಬಂತಾ? ಬಂದರೂ ಈಗಲೇ ವೈಫೈ ಹಾಕಬೇಡಿ! ಎಲ್ಲ ಸರಿಹೋಯಿತು ಅಂತ ಖುಷಿಯಲ್ಲಿ ನೆಟ್ ಹಾಕಿದ ತಕ್ಷಣ ಕಣ್ಣೆದುರೇ ಮತ್ತೆ ಖಾಲಿಯಾದದ್ದನ್ನು ನಾನು ನೋಡಿದ್ದೇನೆ. ನೀವು ಅಳಿಸಿದ್ದು ಸಿಂಕ್ ಆಗಿ ಸರ್ವರಿಗೂ ಹೋಗಿರುತ್ತದೆ. ನೆಟ್ ಸಿಕ್ಕಿದೊಡನೆ ಸರ್ವರ್ "ಇವೆಲ್ಲ ಅಳಿಸಿ ಹೋಗಿವೆ" ಅಂತ ಹೇಳುತ್ತದೆ, ಝೊಟೆರೊ ಅದರ ಮಾತು ಕೇಳಿ ಮತ್ತೆ ಅಳಿಸುತ್ತದೆ. ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ನ ಸಿಂಕ್ ಭಾಗದಲ್ಲಿ 'ಸಿಂಕ್ ಆಟೋಮ್ಯಾಟಿಕಲಿ' ಮುಂದಿನ ಟಿಕ್ ತೆಗೆಯಿರಿ. ಆಮೇಲೆ ನೆಟ್ ಹಾಕಿ. ಅದೇ ಭಾಗದ 'ರೀಸೆಟ್' ಒಳಗೆ ಹೋಗಿ, ಲೈಬ್ರರಿ ನಿಮ್ಮದೇ ಎಂದು ನೋಡಿಕೊಂಡು, 'ರಿಪ್ಲೇಸ್ ಆನ್‌ಲೈನ್ ಲೈಬ್ರರಿ' ಆರಿಸಿ. ಈಗ ಸರ್ವರಿನಲ್ಲಿರುವುದು ಹೋಗಿ ನಿಮ್ಮ ಕಂಪ್ಯೂಟರಿನಲ್ಲಿರುವುದೇ ಅಲ್ಲಿಗೆ ಹೋಗುತ್ತದೆ. ಬ್ಯಾಕಪ್ ತಾರೀಕಿನ ಮೇಲೆ ಫೋನಿನಿಂದ ಏನಾದರೂ ಸೇರಿಸಿದ್ದರೆ ಮೊದಲೇ ಬರೆದಿಟ್ಟುಕೊಳ್ಳಿ, ಅದು ಉಳಿಯುವುದಿಲ್ಲ. ಗುಂಪಿನ ಲೈಬ್ರರಿಯಾದರೆ ಉಳಿದವರಿಗೆ ಹೇಳದೆ ಈ ಬಟನ್ ಮುಟ್ಟಲೇಬೇಡಿ.

ಡೇಟಾಬೇಸ್ ಕೆಟ್ಟಿದೆ ಅಂತ ಎರರ್ ಬಂದರೆ, ಝೊಟೆರೊ ವೆಬ್‌ಸೈಟಿನಲ್ಲೇ ಫೈಲ್ ಅಪ್‌ಲೋಡ್ ಮಾಡಿ ರಿಪೇರಿ ಮಾಡಿಸಿಕೊಳ್ಳುವ ಸೌಲಭ್ಯ ಇದೆ. ಇದು ಕೆಡುವುದಕ್ಕೆ ಒಂದು ದೊಡ್ಡ ಕಾರಣ, ಝೊಟೆರೊ ಫೋಲ್ಡರನ್ನು ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್, ಒನ್‌ಡ್ರೈವ್ ಒಳಗೆ ಇಡುವುದು. ಪಿಡಿಎಫ್ ಎಲ್ಲಾದರೂ ಇಡಿ, ಎಸ್‌ಕ್ಯೂಲೈಟ್ ಫೈಲ್ ಮಾತ್ರ ಅಲ್ಲಿ ಬೇಡ. ಹಣ ಕೇಳುವ 'ಡೇಟಾ ರಿಕವರಿ' ಸಾಫ್ಟ್‌ವೇರ್‌ಗಳನ್ನು ಸುಮ್ನೆ ಇನ್‌ಸ್ಟಾಲ್ ಮಾಡಬೇಡಿ. ನೀವು ಹುಡುಕುವ ಫೈಲ್ ಇದ್ದ ಜಾಗದಲ್ಲೇ ಅವು ಬಂದು ಕೂರಬಹುದು.

ಬ್ಯಾಕಪ್ ಒಂದೂ ಸಿಗಲಿಲ್ಲವೇ? 'ಸ್ಟೋರೇಜ್' ಒಳಗೆ ಎಂಟು ಅಕ್ಷರ-ಅಂಕಿಗಳ ಹೆಸರಿನ ಸಣ್ಣ ಸಣ್ಣ ಫೋಲ್ಡರುಗಳಿವೆ. ಅವುಗಳಲ್ಲಿರುವ ಪಿಡಿಎಫ್‌ಗಳನ್ನು ಹೊಸ ಝೊಟೆರೊಗೆ ಎಳೆದು ಹಾಕಿ. ಇಂಗ್ಲಿಷ್ ಲೇಖನಗಳ ವಿವರವನ್ನು ಅದು ಬಹುಪಾಲು ತಾನೇ ಹುಡುಕಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳಿಗೆ ಆ ಆಸೆ ಬೇಡ.

ಅವುಗಳಿಗೆ ನಿಮ್ಮ ವರ್ಡ್ ಫೈಲ್ ಇದೆ. ವರ್ಡ್‌ನೊಳಗಿನ ಝೊಟೆರೊ ಪ್ಲಗಿನ್ನಿನಿಂದ ಸೈಟೇಶನ್ (ಆಕರದ ಉಲ್ಲೇಖ) ಹಾಕಿದ್ದರೆ, ಪ್ರತಿ ಸೈಟೇಶನ್ನಿನ ಹಿಂದೆ ಲೇಖಕ, ಶೀರ್ಷಿಕೆ, ವರ್ಷ ಎಲ್ಲ ಅಡಗಿ ಕೂತಿರುತ್ತದೆ. 'ರೆಫರೆನ್ಸ್ ಎಕ್ಸ್‌ಟ್ರಾಕ್ಟರ್' ಎಂಬ ಉಚಿತ ವೆಬ್ ಸಾಧನ ಅದನ್ನು ಹೊರತೆಗೆದು ಕೊಡುತ್ತದೆ. ಪ್ಲಗಿನ್ನಿನಲ್ಲಿ 'ಅನ್‌ಲಿಂಕ್' ಒತ್ತಿದ ಫೈಲ್ ಆದರೆ ಆಗುವುದಿಲ್ಲ, ಅದಕ್ಕೆ ಮುಂಚಿನ ಕರಡು ಹುಡುಕಿ. ಗೈಡಿಗೆ ಕಳಿಸಿದ ಹಳೆಯ ಈಮೇಲ್‌ಗಳಲ್ಲಿ ಸಿಗುತ್ತದೆ. ನನ್ನ ಗೆಳತಿಯ ಶಾಸನಗಳ ಪಟ್ಟಿ ಸಿಕ್ಕಿದ್ದು ಹಾಗೇ, ಮೂರನೇ ಅಧ್ಯಾಯದ ಹಳೆಯ ಕರಡಿನಲ್ಲಿ. ನೋಟ್ಸ್ ಬರಲಿಲ್ಲ, ಆದರೆ ಆ ಅಧ್ಯಾಯದಲ್ಲಿ ಬಳಸಿದ್ದ ಶಾಸನಗಳ ಸಂಪುಟ, ಸಂಖ್ಯೆ ಎಲ್ಲ ಬಂತು.