ಮೈದಾ ಅಂಟು, ಹಿಡಿಸೂಡಿ ಕಡ್ಡಿ

ಮದುವೆಗೆ ಹೊರಟವರು ದಾರಿಯಲ್ಲಿ ಫ್ಯಾನ್ಸಿ ಅಂಗಡಿಗೆ ನುಗ್ಗಿ ಒಂದು ಕವರ್ ಕೊಳ್ಳುವುದು, ಅದರೊಳಗೆ ಐನೂರರ ನೋಟು ತುರುಕಿ ವೇದಿಕೆ ಹತ್ತುವುದು ನಮ್ಮಲ್ಲೂ ರೂಢಿ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ್ದರ ಗುರುತು ಇಂಥ ಸಣ್ಣ ವಸ್ತುವಿನಲ್ಲೂ ಇದೆ: ಕವರಿನ ಮೇಲೆ ಇಂಗ್ಲಿಷ್ ಇರುತ್ತದೆ, ಇಲ್ಲದಿದ್ದರೆ ಮಲಯಾಳ. ಆರು ವರ್ಷದ ಹಿಂದೆ ನಾದಿನಿಯ ಮಗಳ ಮದುವೆಗೆಂದು ಬದಿಯಡ್ಕ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಕನ್ನಡದ್ದು ಒಂದೂ ಸಿಗಲಿಲ್ಲ. ಹಟ ಬಂತು. ಮನೆಗೆ ಬಂದು ಮಗನ ಡ್ರಾಯಿಂಗ್ ಪುಸ್ತಕದಿಂದ ಒಂದು ಹಾಳೆ ಹರಿದು ನಾನೇ ಕವರ್ ಮಡಚಿದೆ. ಅವನದೇ ಪೋಸ್ಟರ್ ಕಲರಿನಲ್ಲಿ ದೊಡ್ಡದಾಗಿ 'ಶುಭ ವಿವಾಹ' ಎಂದು ಬರೆದೆ.

ಅದು ಮೇ ತಿಂಗಳು. ಸಭಾಂಗಣದ ಸೆಕೆ ಕೇಳಬೇಕೇ? ಸಾಲಿನಲ್ಲಿ ಅರ್ಧ ಗಂಟೆ ನಿಂತು ಕವರ್ ಕೊಡುವಷ್ಟರಲ್ಲಿ ಬೆವರಿದ ಕೈಗೆಲ್ಲ ಕೆಂಪು. ಮದುಮಗಳ ಕೈಗೂ ಮೆತ್ತಿತು. ಅವಳು ಬೆರಳು ನೋಡಿಕೊಂಡು, "ಅತ್ತೇ, ಇದೆಂತ, ಕುಂಕುಮವಾ?" ಅಂದಳು. ಫೋಟೋಗ್ರಾಫರ್ ಅದನ್ನೂ ಬಿಡದೆ ಹಿಡಿದ.

ಪೋಸ್ಟರ್ ಕಲರ್ ಎಂದರೆ ಬಣ್ಣದ ಪುಡಿಗೆ ಗೋಂದು ಕೂಡಿಸಿದ್ದು. ಆ ಗೋಂದು ನೀರಿಗೆ ಕರಗುವಂಥದ್ದು. ಒಣಗಿ ವರ್ಷ ಕಳೆದಿದ್ದರೂ ಒದ್ದೆ ಬೆರಳು ತಾಗಿದರೆ ಎದ್ದು ಬರುತ್ತದೆ. ಅಕ್ರಿಲಿಕ್ ಹಾಗಲ್ಲ, ಒಮ್ಮೆ ಒಣಗಿತೆಂದರೆ ತೆಳ್ಳಗಿನ ಪ್ಲಾಸ್ಟಿಕ್ ಪದರದ ಹಾಗೆ ಕೂತುಬಿಡುತ್ತದೆ. ಇದನ್ನು ಅಂಗಡಿಯವ ಹೇಳಲಿಲ್ಲ, ನಾನೂ ಕೇಳಿರಲಿಲ್ಲ.

ಅಕ್ರಿಲಿಕ್ ತಂದ ಮೇಲೆ ಗೆದ್ದೆ ಅಂದುಕೊಂಡೆ. ನನ್ನ ಕವರ್ ನೋಡಿದ ನೆಂಟರೊಬ್ಬರು ಆಗಸ್ಟ್-ಸೆಪ್ಟೆಂಬರಿನ ಸಿಂಹ ಮಾಸದ ಮದುವೆಗೆಂದು ನಲವತ್ತು ಕೇಳಿದರು. ಅದರ ಹಿಂದಿನ ಆಟಿ ತಿಂಗಳ ಮಳೆಯಲ್ಲಿ ಕೂತು ಮಾಡಿದೆ. ಒಣಗಿದೆಯೆಂದು ಮುಟ್ಟಿ ನೋಡಿ, ಒಂದರ ಮೇಲೊಂದು ಪೇರಿಸಿ, ಮೇಲೆ ಅರೆಯುವ ಕಲ್ಲು ಹೇರಿದೆ. ನಾಲ್ಕು ದಿನ ಬಿಟ್ಟು ತೆಗೆದರೆ ನಲವತ್ತೂ ಸೇರಿ ಒಂದೇ ಇಟ್ಟಿಗೆ! ಬಿಡಿಸಲು ಹೋದರೆ ಒಂದರ ಬಣ್ಣ ಇನ್ನೊಂದರ ಬೆನ್ನಿಗೆ. ಗಾಳಿಯಲ್ಲಿ ಪಸೆಯಿರುವಾಗ ಅಕ್ರಿಲಿಕ್ ಪದರ ಮೆತ್ತಗೆ ಅಂಟಿಕೊಳ್ಳುವ ಗುಣ ಬಿಡುವುದಿಲ್ಲ, ಭಾರ ಬಿದ್ದರಂತೂ ಮುಗಿಯಿತು. ಈಗ ಎರಡರ ನಡುವೆ ಬಟರ್ ಪೇಪರಿನ ತುಂಡು ಇಡುತ್ತೇನೆ. ಅದಿಲ್ಲದಿದ್ದರೆ ಮೈಗೆ ಹಾಕುವ ಪೌಡರನ್ನು ಹತ್ತಿಯಲ್ಲಿ ತೆಳ್ಳಗೆ ಸವರುತ್ತೇನೆ. ಹಲಸಿನ ಹಪ್ಪಳಕ್ಕೆ ಇಷ್ಟು ಜಾಗ್ರತೆ ಮಾಡುವ ನಮಗೆ ಕಾಗದದ ವಿಷಯದಲ್ಲಿ ಯಾಕೆ ಹೊಳೆಯಲಿಲ್ಲವೋ. ಆ ನೆಂಟರಿಗೆ ಕೊನೆಗೆ ಹದಿನೆಂಟೇ ಕೊಟ್ಟದ್ದು, ದುಡ್ಡು ತೆಗೆದುಕೊಳ್ಳಲಿಲ್ಲ.

ಕವರಿನ ಲೆಕ್ಕ ಹೇಳಿಬಿಡುತ್ತೇನೆ. ಈಗಿನ ಐನೂರರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ಇನ್ನೂರರದ್ದು, ನೂರರದ್ದು ಉದ್ದದಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ, ಅಗಲ ಅಷ್ಟೇ. ಹಾಗಾಗಿ ಕವರ್ 17ಕ್ಕೆ 8.5 ಇದ್ದರೆ ಯಾವ ನೋಟನ್ನೂ ಮಡಚಬೇಕಾಗಿಲ್ಲ. ಎ4 ಹಾಳೆಯ 21 ಸೆಂಟಿಮೀಟರ್ ಅಗಲದಲ್ಲಿ 17 ಹೋಗಿ ಎರಡೂ ಬದಿಗೆ ತಲಾ 2 ಸೆಂಟಿಮೀಟರ್ ಮಡಿಕೆಗೆ ಸಿಗುತ್ತದೆ. ಉದ್ದದಲ್ಲಿ ಎದುರಿಗೆ 8.5, ಹಿಂದಕ್ಕೆ 7.5, ಮುಚ್ಚಳಕ್ಕೆ 4, ಒಟ್ಟು 20. ಉಳಿದ ಒಂಬತ್ತು ಚಿಲ್ಲರೆ ಸೆಂಟಿಮೀಟರಿನ ತುಂಡನ್ನು ಬಿಸಾಡಬೇಡಿ. ನಾಲ್ಕು ಟ್ಯಾಗ್ ಆಗುತ್ತದೆ, ತೂತು ಮಾಡಿ ನೂಲು ಕಟ್ಟಿದರೆ ಉಡುಗೊರೆ ಪೊಟ್ಟಣಕ್ಕೆ ಹೆಸರು ಬರೆದು ತೂಗಿಸಬಹುದು.

ಝೆರಾಕ್ಸಿನ ಹಾಳೆ ಇದಕ್ಕೆ ಆಗದು. ಅದು 75–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಇಷ್ಟು ಗ್ರಾಂ ಎಂದರ್ಥ), ಬಣ್ಣದ ನೀರು ಬಿದ್ದ ಕೂಡಲೇ ಹಪ್ಪಳ ಸುಟ್ಟ ಹಾಗೆ ಸುರುಟುತ್ತದೆ. 200ರ ಮೇಲಿನ ಹಾಳೆ ಕೇಳಿ ತನ್ನಿ. ದಪ್ಪ ಹಾಳೆಗೆ ಇನ್ನೊಂದು ಗುಟ್ಟಿದೆ, ಅದಕ್ಕೆ 'ಎಳೆ' ಉಂಟು. ನ್ಯೂಸ್‌ಪೇಪರನ್ನು ಒಂದು ದಿಕ್ಕಿಗೆ ಹರಿದರೆ ನೆಟ್ಟಗೆ ಹೋಗುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು ಆಗುತ್ತದಲ್ಲ, ಅದೇ. ಎಳೆಯ ದಿಕ್ಕಿಗೆ ಮಡಚಿದರೆ ಮಡಿಕೆ ಗೆರೆ ಎಳೆದ ಹಾಗೆ ಬರುತ್ತದೆ. ಅಡ್ಡಕ್ಕೆ ಮಡಚಿದರೆ ಬಣ್ಣ ಬಿರಿದು ಬಿಳಿ ನಾರು ಕಾಣುತ್ತದೆ. ಎಳೆ ಯಾವ ಕಡೆಗಿದೆ ಎಂದು ತಿಳಿಯಲು ಒಂದು ತುಂಡಿನ ಒಂದೇ ಮೈಗೆ ನೀರು ಸವರಿ ಮೇಜಿನ ಮೇಲಿಡಿ. ಅದು ತಾನಾಗಿ ಕೊಳವೆಯಂತೆ ಸುರುಳಿಯಾಗುತ್ತದೆ, ಆ ಕೊಳವೆ ಚಾಚಿದ ದಿಕ್ಕೇ ಎಳೆ.

ಅಕ್ಷರಕ್ಕೆ ಬರುವಾ. ಕನ್ನಡ ಬರೆಯಲು ದುಂಡು ಕುಂಚಕ್ಕಿಂತ ಚಪ್ಪಟೆ ಕುಂಚ ಒಳ್ಳೆಯದು. ಓರೆಯಾಗಿ ಹಿಡಿದು, ಕೈ ತಿರುಗಿಸದೆ ಸುತ್ತು ಎಳೆದರೆ ದಪ್ಪ-ತೆಳು ತಾನೇ ಬರುತ್ತದೆ. ನಾನು ಮೊದಲು ಎಲ್ಲ ಅಕ್ಷರಗಳ ಸುತ್ತುಗಳನ್ನಷ್ಟೇ ಬರೆದು ಬಿಡುತ್ತೇನೆ, ತಲೆಕಟ್ಟು ಕೊನೆಗೆ. ಬರೆಯುವಾಗಲೇ ತಲೆಕಟ್ಟು ಎಳೆಯುತ್ತ ಹೋದರೆ ಸಾಲು ಮೇಲೆ ಕೆಳಗೆ ಆಗುತ್ತದೆ. ಕೊನೆಗೆ ಒಟ್ಟಿಗೇ ಎಳೆದರೆ ತೋರಣ ಕಟ್ಟಿದ ಹಾಗೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಬೇಕಿದ್ದರೆ ಬೇರೆ ಬಣ್ಣವನ್ನೂ ಕೊಡಬಹುದು.

ಅಂಚಿನ ಅಲಂಕಾರವನ್ನು ಕಲಿತದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ನಮ್ಮ ಕಡೆಯ ತೆಂಕುತಿಟ್ಟಿನ ಶೈಲಿಯಲ್ಲಿ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಮುಖದ ಮೇಲೆ ಚುಟ್ಟಿ ಇಡುತ್ತಾರೆ, ಅಕ್ಕಿ ಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಳ್ಳು ಮುಳ್ಳಾಗಿ ನಿಲ್ಲಿಸುವುದು. ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರುವ ಕಲಾವಿದರನ್ನು ಸಣ್ಣವಳಿದ್ದಾಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕಾಗದಕ್ಕೂ ಅದನ್ನೇ ಹಚ್ಚಿ ನೋಡಿದೆ. ಕವರ್ ಬಾಗಿಸಿದ ಕೂಡಲೇ ಚುಟ್ಟಿಯೆಲ್ಲ ಉದುರಿ ಹೋಯಿತು. ಮುಖದ ಚರ್ಮದ ಹಾಗೆ ಕಾಗದ ಹಿಡಿದುಕೊಳ್ಳುವುದಿಲ್ಲವಲ್ಲ. ಈಗ ಬಿಳಿ ಅಕ್ರಿಲಿಕ್‌ಗೆ ಸ್ವಲ್ಪ ಫೆವಿಕಾಲ್ ಸೇರಿಸಿ, ನೀರು ಹಾಕದೆ, ಹಿಡಿಸೂಡಿ (ಪೊರಕೆ) ಕಡ್ಡಿಯ ದಪ್ಪ ತುದಿಯಲ್ಲಿ ಅದ್ದಿ ಚುಕ್ಕಿ ಇಡುತ್ತೇನೆ. ಒಮ್ಮೆ ಅದ್ದಿದರೆ ಐದು ಚುಕ್ಕಿ, ದೊಡ್ಡದರಿಂದ ಸಣ್ಣದಕ್ಕೆ ತಾನೇ ಇಳಿಯುತ್ತ ಹೋಗುತ್ತದೆ. ಆ ಇಳಿಕೆಯೇ ಚೆಂದ, ಎಲ್ಲ ಒಂದೇ ಗಾತ್ರಕ್ಕೆ ಮಾಡಲು ಹೋಗಬೇಡಿ. ಕೆಂಪು ಮೈ, ಹಳದಿ ಪಟ್ಟಿ, ಕಪ್ಪು ಗೆರೆ, ಮೇಲೆ ಬಿಳಿ ಚುಕ್ಕಿ: ದೂರದಿಂದ ನೋಡಿದರೂ ನಮ್ಮೂರಿನದ್ದೆಂದು ಗೊತ್ತಾಗುತ್ತದೆ.

ಇನ್ನು ಗೂಡುದೀಪ, ದೀಪಾವಳಿಗೆ ತೂಗಿಸುವ ಕಾಗದದ ಆಕಾಶಬುಟ್ಟಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು, ಅತಿ ಹೆಚ್ಚು ಹಾಳು ಮಾಡಿದ್ದೂ ಇದನ್ನೇ.

ಕಟ್ಟುವುದನ್ನು ಮಾವ ಹೇಳಿಕೊಟ್ಟರು. ಬಿದಿರನ್ನು ಮಳೆಗಾಲದಲ್ಲೇ ಕಡಿದು ತೋಡಿನ (ಸಣ್ಣ ಹಳ್ಳದ) ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಡುತ್ತಿದ್ದರು. ನೀರಿನಲ್ಲಿ ಬಿದಿರಿನ ಗಂಜಿಯಂಶ ಹೋಗುತ್ತದೆ, ಮತ್ತೆ ಕುಟ್ಟೆ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ. ಒಣಗಿಸಿ, ಸೀಳಿ, ಬೆರಳಿಗೆ ಸಿಬಿರು ಚುಚ್ಚದಷ್ಟು ಕತ್ತಿಯಲ್ಲಿ ಹೆರೆದರೆ ಕಡ್ಡಿ ತಯಾರು. ಒಂದು ಅಡಿ ಉದ್ದದ್ದು 24 ಬೇಕು. ನಾಲ್ಕು ನಾಲ್ಕು ಸೇರಿಸಿ ನಾಲ್ಕು ಚೌಕ ಕಟ್ಟಿ. ಪ್ರತಿ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ, ಗಾಳಿಪಟದ ಹಾಗೆ, ಬದಿಯ ಮೂಲೆಗಳನ್ನು ಒಂದಕ್ಕೊಂದು ಬಿಗಿದು ಉಂಗುರ ಮಾಡಿ. ಈಗ ಮೇಲೆ ನಾಲ್ಕು ತುದಿ, ಕೆಳಗೆ ನಾಲ್ಕು ತುದಿ ಉಳಿಯುತ್ತವೆ. ಉಳಿದ ಎಂಟು ಕಡ್ಡಿಯಲ್ಲಿ ಮೇಲೊಂದು, ಕೆಳಗೊಂದು ಚೌಕ ಆಗುವಂತೆ ಆ ತುದಿಗಳನ್ನು ಜೋಡಿಸಿದರೆ ಮುಗಿಯಿತು. ಹನ್ನೆರಡು ಮೂಲೆ, ಆರು ಚೌಕ, ಎಂಟು ತ್ರಿಕೋನ. ಎತ್ತರ ಸುಮಾರು 17 ಇಂಚು ಬರುತ್ತದೆ. ಕೊನೆಯ ಎರಡು ಕಡ್ಡಿ ಕಟ್ಟುವವರೆಗೂ ಇದು ಎತ್ತ ಬೇಕಾದರತ್ತ ವಾಲುತ್ತದೆ, ಧೈರ್ಯಗೆಡಬೇಡಿ. ಕೊನೆಯದು ಬಿಗಿದಾಗ ಆಕಾರ ಕೂಡಿ ಬರುತ್ತದೆ.

ಕಾಗದ ಅಂಟಿಸಲು ಫೆವಿಕಾಲ್ ದಂಡ. ಮೈದಾ ಅಂಟೇ ಸಾಕು, ನಮ್ಮಲ್ಲಿ ಚುನಾವಣೆ ಬಂದಾಗ ಗೋಡೆಗಳೆಲ್ಲ ಅದರ ಮೇಲೆಯೇ ನಿಲ್ಲುವುದು. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ತೊಳಸುತ್ತಿರಬೇಕು. ಬಿಳಿ ಹೋಗಿ ಗಾಜಿನಂತೆ ಹೊಳಪು ಬಂದಾಗ ಇಳಿಸಿ. ಇಷ್ಟೇ ಆದರೆ ಎರಡೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಬೂಸ್ಟು. ಪುಸ್ತಕಕ್ಕೆ ಬೈಂಡ್ ಹಾಕುವವರು ಇದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ, ಹುಳವೂ ಮುಟ್ಟುವುದಿಲ್ಲ. ತುತ್ತಕ್ಕೆ ನಾನು ಪೇಟೆಗೆ ಹೋಗಬೇಕಾಗಿರಲಿಲ್ಲ. ಅಡಿಕೆ ತೋಟದ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಎಂಬ ತುತ್ತ-ಸುಣ್ಣದ ದ್ರಾವಣ ಹೊಡೆಯಲು, ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ, ಅದು ಇದ್ದೇ ಇರುತ್ತದೆ. ಆದರೆ ಅದು ವಿಷ. ಅಂಟಿನ ಪಾತ್ರೆ, ಸೌಟು ಬೇರೆಯೇ ಇರಲಿ, ಮಕ್ಕಳು ಕೆಲಸಕ್ಕೆ ಕೂತ ದಿನ ತುತ್ತ ಹಾಕಲೇಬೇಡಿ, ಅಂದಂದಿನ ಅಂಟು ಅಂದಂದಿಗೆ ಮಾಡಿ. ಒಮ್ಮೆ ಅತ್ತೆ ಅಂಟಿನ ಪಾತ್ರೆ ನೋಡಿ, "ಇದೆಂತ ಮಾರಾಯ್ತಿ, ಮಣ್ಣಿ ಮಾಡಿದ್ದಾ?" ಎಂದು, ಅದನ್ನು ತಿನ್ನುವ ಸಿಹಿ ಮಣ್ಣಿಯೇ ಎಂದುಕೊಂಡು, ಚಮಚ ಹಿಡಿದುಕೊಂಡೇ ಬಂದಿದ್ದರು. ಅಂದಿನಿಂದ ಆ ಪಾತ್ರೆ ಅಡುಗೆಮನೆಯ ಹೊಸ್ತಿಲು ದಾಟಿಲ್ಲ.

ಕಾಗದವನ್ನು ಚೌಕಟ್ಟಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಮಾತ್ರ ಅಂಟು ಸವರಿ ಕಡ್ಡಿಯ ಮೇಲೆ ಮಡಚಬೇಕು. ಮೇಲಿನ ಚೌಕ, ಕೆಳಗಿನ ಚೌಕ ತೆರೆದೇ ಇರಲಿ. ಎಷ್ಟು ಎಳೆದು ಹಚ್ಚಿದರೂ ಮೊದಲಿಗೆ ನೆರಿಗೆ ಉಳಿಯುತ್ತದೆ. ನಾನು ಕಿತ್ತು ಪುನಃ ಹಚ್ಚುತ್ತಿದ್ದೆ, ಅದು ಹರಿಯುತ್ತಿತ್ತು. ಮಾವ ನೋಡಿ ನೋಡಿ ಸಾಕಾಗಿ ಜಗಲಿಯಿಂದ ಎದ್ದು ಬಂದರು. ಬಾಯಿ ತುಂಬ ನೀರು ತೆಗೆದುಕೊಂಡು, ಅಂಟು ಒಣಗಿದ್ದ ಒಂದು ಮೈಗೆ ಫೂ ಎಂದು ಮಂಜಿನಂತೆ ಊದಿದರು. "ಇನ್ನು ಮುಟ್ಟಬೇಡ" ಎಂದು ಹೋದರು. ಕಾಗದ ಇನ್ನಷ್ಟು ಜೋತುಬಿದ್ದು, ನನಗೆ ಅಳುವೇ ಬಂತು. ಊಟ ಮುಗಿಸಿ ಬಂದು ನೋಡಿದರೆ ಚೆಂಡೆಯ ಹಾಗೆ ಬಿಗಿದು ಕೂತಿದೆ, ಬೆರಳಲ್ಲಿ ತಟ್ಟಿದರೆ ಟಪ್ ಎನ್ನುತ್ತದೆ. ನೆನೆದ ನಾರು ಹಿಗ್ಗಿ, ಒಣಗುವಾಗ ಸೆಟೆಯುವುದೇ ಇದಕ್ಕೆ ಕಾರಣ. ಪ್ಲಾಸ್ಟಿಕ್ಕಿನಂಥ ಗ್ಲಾಸ್ ಪೇಪರಿಗೆ ಇದು ನಡೆಯುವುದಿಲ್ಲ, ಅದು ನೀರು ಕುಡಿಯುವುದಿಲ್ಲ. ಬಣ್ಣದ ಟಿಶ್ಯೂ ಕಾಗದಕ್ಕೆ ಮಾಡಿದರೆ ಬಣ್ಣ ಇಳಿಯುತ್ತದೆ, ಅದಕ್ಕೇ ನಾನು ತೆಳು ಬಿಳಿ ಕಾಗದವನ್ನೇ ಹಚ್ಚಿ, ಬಿಗಿದ ಮೇಲೆ ಅಕ್ರಿಲಿಕ್‌ನಲ್ಲಿ ಚಿತ್ರ ಬರೆಯುತ್ತೇನೆ. ಬಾಯಿ ನೀರಿನ ಬದಲು ಈಗ ಇಸ್ತ್ರಿಯ ಸ್ಪ್ರೇ ಬಾಟಲಿ.

ಬೆಳಕು ಚೆನ್ನಾಗಿ ದಾಟಬೇಕೆಂದರೆ ಚಿತ್ರ ಒಣಗಿದ ಮೇಲೆ ಒಳಗಿನಿಂದ ತೆಂಗಿನೆಣ್ಣೆ ಸವರಿ. ಬಿಳಿ ಕಾಗದ ಜೇನಿನ ಬಣ್ಣಕ್ಕೆ ತಿರುಗಿ, ಬಲ್ಬಿನ ಎದುರು ಎಲೆಯ ನರದಂತೆ ನಾರು ಕಾಣುತ್ತದೆ. ಹತ್ತಿಯುಂಡೆ ಒತ್ತಿದರೆ ಎಣ್ಣೆ ಒಸರದಷ್ಟೇ ಇರಲಿ. ಎಣ್ಣೆ ಮೆತ್ತಿದ ಕಾಗದದೊಳಗೆ ಹಣತೆ ಇಡುವುದು ಬೇಡ, ಸಣ್ಣ ಎಲ್‌ಇಡಿ ಬಲ್ಬ್ ಸಾಕು.

ತುಲಾ ತಿಂಗಳ ಸಂಜೆಮಳೆ ನಿಮಗೆ ಗೊತ್ತೇ ಇದೆ. ದೀಪಾವಳಿಯ ಹೊತ್ತಿಗೆ ನಾಲ್ಕು ಗಂಟೆಗೆ ಬಿಸಿಲು, ಐದಕ್ಕೆ ಗುಡುಗು. ಮೂರು ವರ್ಷದ ಹಿಂದೆ ಬಲೀಂದ್ರನನ್ನು (ಬಲಿ ಚಕ್ರವರ್ತಿಯನ್ನು) ಕೂಗಿ ಅಂಗಳದಿಂದ ಒಳಗೆ ಬರುವಷ್ಟರಲ್ಲಿ ಸುರಿದು, ಎಣ್ಣೆ ಕುಡಿದಿದ್ದ ಕಾಗದ ಉಳಿಯಿತು, ಕೆಳಗೆ ತೂಗಿದ್ದ ಕ್ರೇಪ್ ಕಾಗದದ ಬಾಲ ಮಾತ್ರ ಬಣ್ಣ ಬಿಟ್ಟು ಸಿಮೆಂಟಿನ ಅಂಗಳದಲ್ಲಿ ನೇರಳೆ ಕಲೆ ಮಾಡಿತು. ಅದು ಇನ್ನೂ ಇದೆ. ಈಗ ಬಾಲಕ್ಕೆ ಹಳೆಯ ಸೀರೆಯ ಅಂಚು ಸೀಳಿ ಕಟ್ಟುತ್ತೇನೆ.

ಹಬ್ಬ ಕಳೆದ ಮೇಲೆ ಕಾಗದ ಹರಿದು ತೆಗೆದು, ಚೌಕಟ್ಟನ್ನು ಹಾಗೇ ಅಟ್ಟಕ್ಕೆ ಹಾಕುತ್ತೇವೆ. ಮಾವ ಕಟ್ಟಿದ್ದೇ ಇದು, ಅವರು ಹೋಗಿ ಎರಡು ವರ್ಷ. ಮೊನ್ನೆ ಇಳಿಸಿ ನೋಡಿದೆ: ಇಪ್ಪತ್ತನಾಲ್ಕೂ ಕಡ್ಡಿ ಗಟ್ಟಿಯಾಗಿವೆ, ಎರಡು ಕಡೆ ನೂಲು ಸಡಿಲಾಗಿದೆ. ಬಿಚ್ಚಿ ಕಟ್ಟಬೇಕು, ಅವರ ಗಂಟು ಬಿಡಿಸಲು ನನಗಿನ್ನೂ ಸರಿಯಾಗಿ ಬರುವುದಿಲ್ಲ.